ಎರಡನೇ ವಿಧದ ಮಧುಮೇಹ ಮತ್ತು ವ್ಯಾಯಾಮ

ಎರಡನೇ ವಿಧದ ಮಧುಮೇಹದ ಚಿಕಿತ್ಸೆಯಲ್ಲಿ ಆಹಾರ ನಿಯಂತ್ರಣ ಹಾಗೂ ಔಷಧಿಗಳಂತೆಯೇ ವ್ಯಾಯಾಮವೂ ಪ್ರಮುಖ ಅಂಗವಾಗಿದೆ. ಇದನ್ನು ನೆಲದ ಮೇಲೆ ಅಥವಾ ನೀರಿನಲ್ಲಿ ಮಾಡಬಹುದು.

ಕಾರ್ಯವಿಧಾನ

ಈ ರೋಗದಲ್ಲಿ ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆದರೆ ಸ್ನಾಯುಗಳು ಸಂಕುಚಿಸಿದಾಗ ಗ್ಲುಟ್-4 ಎಂಬ ವಾಹಕ ಪ್ರೋಟೀನು ಇನ್ಸುಲಿನ್‌ನ ನೆರವಿಲ್ಲದೆಯೇ ಕೋಶಪೊರೆಯನ್ನು ತಲುಪಿ, ರಕ್ತದಲ್ಲಿನ ಗ್ಲೂಕೋಸನ್ನು ಒಳಕ್ಕೆ ಸಾಗಿಸುತ್ತದೆ. ವ್ಯಾಯಾಮದಿಂದ ಹೆಚ್ಚುವ ಇನ್ಸುಲಿನ್ ಸಂವೇದನಶೀಲತೆಯು ಸುಮಾರು 24ರಿಂದ 72 ಗಂಟೆಗಳ ಕಾಲ ಮಾತ್ರ ಉಳಿಯುವುದರಿಂದ, ಸತತವಾಗಿ ಎರಡು ದಿನಗಳಿಗಿಂತ ಹೆಚ್ಚು ಬಿಡುವು ಸಲ್ಲದು.

ನೆಲದ ಮೇಲಿನ ವ್ಯಾಯಾಮ

ಬಿರುಸು ನಡಿಗೆ, ಸೈಕಲ್ ಸವಾರಿ ಮೊದಲಾದ ಮಧ್ಯಮ ತೀವ್ರತೆಯ ಚಟುವಟಿಕೆಯನ್ನು ವಾರಕ್ಕೆ ಕನಿಷ್ಠ 150 ನಿಮಿಷವೂ, ಭಾರ ಎತ್ತುವಂತಹ ಸ್ನಾಯುಬಲದ ವ್ಯಾಯಾಮವನ್ನು 2–3 ದಿನವೂ ಮಾಡಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಶಿಫಾರಸು ಮಾಡುತ್ತದೆ.

ನೀರಿನಲ್ಲಿನ ವ್ಯಾಯಾಮ

ಈಜು, ನೀರಿನಲ್ಲಿ ನಡಿಗೆ ಮತ್ತು ಜಲ ಏರೋಬಿಕ್ಸ್ ಈ ಬಗೆಯವು. ಎದೆಮಟ್ಟದ ನೀರಿನಲ್ಲಿ ಕಾಲುಗಳು ಹೊರುವ ಭಾರವು ದೇಹತೂಕದ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ವೇಳೆ ನೀರಿನ ಪ್ರತಿರೋಧವು ಸ್ನಾಯುಗಳಿಗೆ ಕೆಲಸ ಕೊಡುತ್ತದೆ. ಆದ್ದರಿಂದ ಸ್ಥೂಲಕಾಯದವರಿಗೂ ಮಂಡಿಯ ಸಂಧಿವಾತ ಇರುವವರಿಗೂ ಇದು ಅನುಕೂಲಕರ. ಎಚ್‌ಬಿಎ1ಸಿ ಮಟ್ಟವನ್ನು ತಗ್ಗಿಸುವಲ್ಲಿ ಇದು ನೆಲದ ಮೇಲಿನ ವ್ಯಾಯಾಮಕ್ಕೆ ಹೆಚ್ಚುಕಡಿಮೆ ಸಮವೆಂದು ಅಧ್ಯಯನಗಳು ಸೂಚಿಸಿವೆ.

ಮುನ್ನೆಚ್ಚರಿಕೆಗಳು

ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆಗಳನ್ನು ಬಳಸುವವರಲ್ಲಿ ವ್ಯಾಯಾಮದ ವೇಳೆ ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಇದರ ಸೂಚನೆಯಾದ ಬೆವರು ನೀರಿನಲ್ಲಿ ಗಮನಕ್ಕೆ ಬಾರದ ಕಾರಣ ಒಂಟಿಯಾಗಿ ಈಜುವುದು ಅಪಾಯಕಾರಿ. ನರಹಾನಿಯಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರು ಕೊಳದಲ್ಲಿಯೂ ಸೂಕ್ತ ಪಾದರಕ್ಷೆ ಧರಿಸಬೇಕು. ಪಾದದಲ್ಲಿ ತೆರೆದ ಹುಣ್ಣಿದ್ದಾಗ ನೀರಿಗಿಳಿಯಬಾರದು.