ವರ್ಣತಂತುಗಳ ಪರೀಕ್ಷೆಯೂ ನಮ್ಮ ಅಡಿಕೆಯೂ



ಅಡಿಕೆಯು ಜೀವಕೋಶದ ವರ್ಣತಂತುಗಳಿಗೆ ಹಾನಿ ಮಾಡುತ್ತದೆ ಎಂಬ ಸುದ್ದಿಯನ್ನು ನಾವು ಆಗಾಗ ಕೇಳುತ್ತೇವೆ. ಇದನ್ನು ಪತ್ತೆ ಮಾಡುವ ಒಂದು ವಿಧಾನವನ್ನು ಅರಿತುಕೊಂಡರೆ ಸುದ್ದಿಯ ತೂಕ ತಿಳಿಯುತ್ತದೆ.

ಜೀವಕೋಶವು ಎರಡಾಗುವ ಮೊದಲು ತನ್ನ ವರ್ಣತಂತುಗಳ ಪ್ರತಿ ಮಾಡಿಕೊಳ್ಳುತ್ತದೆ. ವರ್ಣತಂತುವಿನೊಳಗಿನ ಡಿ.ಎನ್.ಎ. ಎರಡೆಳೆಯ ಹುರಿಹಗ್ಗದಂತಿದೆ. ಎಳೆಗಳು ಬಿಚ್ಚಿಕೊಂಡು, ಒಂದೊಂದರ ಜೊತೆಗೂ ಹೊಸ ಎಳೆ ಸೇರುತ್ತದೆ. ಹೊಸ ಎಳೆಗೆ ಬೇಕಾದ ನಾಲ್ಕು ಸಾಮಗ್ರಿಗಳಲ್ಲಿ ಥೈಮಿಡಿನ್ ಒಂದು. ಅದನ್ನೇ ಹೋಲುವ, ಬ್ರೋಮಿನ್ ಸೇರಿದ ಬ್ರೋಮೋಡಿಆಕ್ಸಿಯೂರಿಡಿನ್ ಎಂಬ ರಾಸಾಯನಿಕವನ್ನು ಒದಗಿಸಿದರೆ ಕೋಶವು ಇದನ್ನೂ ಬಳಸಿಕೊಳ್ಳುತ್ತದೆ.

ಹೀಗೆ ಎರಡು ಸಲ ಪ್ರತಿಯಾದ ಮೇಲೆ, ವರ್ಣತಂತುವಿನ ಜೋಡಿ ಪ್ರತಿಗಳಲ್ಲಿ ಒಂದರ ಎರಡೂ ಎಳೆಗಳಲ್ಲಿ ಬದಲಿ ವಸ್ತುವಿರುತ್ತದೆ. ಇನ್ನೊಂದರಲ್ಲಿ ಒಂದೆಳೆಯಲ್ಲಿ ಮಾತ್ರ. ಬಣ್ಣ ಹಾಕಿದರೆ ಮೊದಲನೆಯದು ತಿಳಿಯಾಗಿಯೂ ಎರಡನೆಯದು ಗಾಢವಾಗಿಯೂ ಕಾಣುತ್ತದೆ. 1974ರಲ್ಲಿ ಪೆರಿ ಮತ್ತು ವುಲ್ಫ್ ಎಂಬ ವಿಜ್ಞಾನಿಗಳು ಇದನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ನೋಡುವಂತೆ ಮಾಡಿದರು.

ಡಿ.ಎನ್.ಎ.ಗೆ ಪೆಟ್ಟು ಬಿದ್ದು ಅದು ದುರಸ್ತಿಯಾಗುವಾಗ ಜೋಡಿ ಪ್ರತಿಗಳ ತುಂಡುಗಳು ಅದಲುಬದಲಾಗುವುದುಂಟು. ಆಗ ಗಾಢ ಪ್ರತಿಯಲ್ಲಿ ತಿಳಿ ತುಂಡು, ತಿಳಿಯಲ್ಲಿ ಗಾಢ ತುಂಡು ಕಾಣುತ್ತವೆ. ಅವನ್ನು ಎಣಿಸಬಹುದು. ಆದರೆ ಬದಲಿ ವಸ್ತುವೇ ಕೆಲವು ಅದಲುಬದಲಿಗೆ ಕಾರಣವಾಗುತ್ತದೆ. ಆದ್ದರಿಂದ ಪರೀಕ್ಷಿಸುವ ಪದಾರ್ಥ ಕೊಟ್ಟ ಕೋಶಗಳನ್ನು ಕೊಡದ ಕೋಶಗಳೊಡನೆ ಹೋಲಿಸಲೇಬೇಕು.

1980ರ ದಶಕದಲ್ಲಿ ಇಲಿಗಳ ಮೂಳೆಮಜ್ಜೆಯಲ್ಲಿ ಹೀಗೆ ಹೋಲಿಸಿದಾಗ, ಅಡಿಕೆಯಲ್ಲಿನ ಅರೆಕೊಲಿನ್ ಈ ಸಂಖ್ಯೆಯನ್ನು ಹೆಚ್ಚಿಸಿದ್ದು ಕಂಡುಬಂತು. ಅದಲುಬದಲೆಂದರೆ ಕ್ಯಾನ್ಸರ್ ಅಲ್ಲ, ಡಿ.ಎನ್.ಎ.ಗೆ ಪೆಟ್ಟು ಬಿದ್ದಿರುವುದರ ಗುರುತು ಅಷ್ಟೆ.

ಹಾಗೆಂದು "ಇಲಿಗಾದದ್ದು ನಮಗೇನು" ಎನ್ನುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಹೊಗೆಸೊಪ್ಪಿಲ್ಲದೆ ಅಡಿಕೆ ಜಗಿಯುವವರ ಮೇಲಿನ ಅಧ್ಯಯನಗಳೂ ಅದರಲ್ಲಿ ಸೇರಿವೆ. ಹೊಗೆಸೊಪ್ಪು ಬೆರೆತರೆ ಅಪಾಯ ಇನ್ನೂ ಹೆಚ್ಚು.

ಅಡಿಕೆ ನಮ್ಮ ಅನ್ನ. ಅದರ ಬೆಲೆಯ ಚಿಂತೆ ನಮಗೆಲ್ಲರಿಗೂ ಇದೆ. ಆದರೆ ನಮ್ಮ ಮನೆಯವರ, ಕೂಲಿಯಾಳುಗಳ ಬಾಯಿ ಅದಕ್ಕಿಂತ ದೊಡ್ಡದು. ಜಗಿಯುವವರ ಬಾಯಲ್ಲಿ ಮಾಸದ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಕಂಡರೆ, ಬಾಯಿ ಅಗಲವಾಗಿ ತೆರೆಯಲಾಗದಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿರಿ. ಜಗಿಯುವುದನ್ನು ಬಿಡುವುದೇ ಕ್ಷೇಮ.