ತತ್ತ್ವವು ನಡೆಯಾಗುವ ಬಗೆ

‘ದರ್ಶನ’ ಎಂಬ ಶಬ್ದವು ‘ದೃಶ್’ ಧಾತುವಿನಿಂದ ಹುಟ್ಟಿದುದು. ಕಾಣುವುದು, ನೋಡುವುದು ಎಂಬುದು ಅದರ ಮೂಲಾರ್ಥ. ದೇವಾಲಯಕ್ಕೆ ಹೋಗಿ ಬಂದವನು ದರ್ಶನವಾಯಿತೆನ್ನುತ್ತಾನೆ. ಶಾಸ್ತ್ರವನ್ನು ಓದಿದವನೂ ದರ್ಶನವನ್ನು ಅಭ್ಯಸಿಸಿದೆನೆನ್ನುತ್ತಾನೆ. ಸಾಂಖ್ಯ, ಯೋಗ, ನ್ಯಾಯ, ವೈಶೇಷಿಕ, ಮೀಮಾಂಸೆ, ವೇದಾಂತಗಳನ್ನು ಮಾತ್ರವಲ್ಲದೆ ಜೈನ, ಬೌದ್ಧ, ಚಾರ್ವಾಕ ಮತಗಳನ್ನೂ ನಮ್ಮ ಹಿಂದಿನವರು ದರ್ಶನಗಳೆಂದೇ ಕರೆದರು. ಲೋಕವನ್ನು ನೋಡುವ ಒಂದೊಂದು ನೆಲೆ ಒಂದೊಂದು ದರ್ಶನವೆಂಬುದು ಇದರ ಅಭಿಪ್ರಾಯ.

ನೋಟ ಬದಲಾದರೆ ನಂಬಿಕೆ ಬದಲಾಗುತ್ತದೆ. ನಂಬಿಕೆ ಬದಲಾದರೆ ನೀತಿಯೂ ಬದಲಾಗುತ್ತದೆ. ಪ್ರತ್ಯಕ್ಷವೊಂದೇ ಪ್ರಮಾಣವೆಂದ ಚಾರ್ವಾಕನಿಗೆ ಪರಲೋಕವಿಲ್ಲ. ಪರಲೋಕವಿಲ್ಲದ ಮೇಲೆ ಇಹದ ಸುಖವೇ ಅವನಿಗೆ ಪುರುಷಾರ್ಥ. ಸರ್ವವೂ ಅನಿತ್ಯವೆಂದು ಕಂಡ ಬೌದ್ಧನಿಗೆ ತೃಷ್ಣೆಯನ್ನು ನೀಗಿಕೊಳ್ಳುವುದೇ ಬಿಡುಗಡೆಯ ದಾರಿ. ವಸ್ತುವಿಗೆ ಅನೇಕ ಮುಖಗಳುಂಟೆಂದು ತಿಳಿದ ಜೈನನಿಗೆ ತನ್ನ ಮಾತೇ ಕಡೆಯ ಮಾತೆಂದು ಹಟ ಹಿಡಿಯಲು ಎಡೆಯಿಲ್ಲ. ಹೀಗೆ ಪ್ರಮಾಣದ ವಿಚಾರದಿಂದ ಹೊರಟ ತರ್ಕವು ಉಣ್ಣುವ, ಉಡುವ, ಗಳಿಸುವ, ಕೊಡುವ ರೀತಿಯವರೆಗೂ ಬಂದು ಮುಟ್ಟುತ್ತದೆ.

ಇಷ್ಟನ್ನು ತರಗತಿಯಲ್ಲಿ ಹೇಳುವುದು ಸುಲಭ. ಬಹಳ ವರ್ಷಗಳ ಹಿಂದೆ ನಾನು ಮಕ್ಕಳಿಗೆ ‘ಅಪರಿಗ್ರಹ’ ಎಂಬ ಶಬ್ದವನ್ನು ವಿವರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೇ, ಇದನ್ನು ಓದಿ ಯಾರಾದರೂ ಹೀಗೆ ನಡೆದದ್ದುಂಟೇ?” ಎಂದು ಕೇಳಿದನು. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಆದರೂ ನಾನು ಶಬ್ದದ ವ್ಯುತ್ಪತ್ತಿಯನ್ನು ಮತ್ತೊಮ್ಮೆ ಹೇಳಿ, ಗಂಟೆ ಬಾರಿಸಿದ್ದರಿಂದ ಪಾಠವನ್ನು ಮುಗಿಸಿದೆ. ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರವೇ ಈ ಲೇಖನ. ಅದಕ್ಕಾಗಿ ನಾನು ಆಯ್ದುಕೊಂಡಿರುವುದು ಮಹಾತ್ಮ ಗಾಂಧಿಯವರ ಜೀವನದ ಕೆಲವು ವರ್ಷಗಳನ್ನು. ತಮ್ಮ ಒಳಗಿನ ಹೊಯ್ದಾಟವನ್ನು ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿರುವುದರಿಂದ, ತತ್ತ್ವವು ನಡೆಯಾಗುವ ಬಗೆಯನ್ನು ನಾವು ಅಲ್ಲಿ ಹತ್ತಿರದಿಂದ ಕಾಣಬಹುದು.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಉಪದೇಶಿಸುವಾಗ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಮೆಟ್ಟಿಲುಗಳನ್ನು ಹೇಳುತ್ತಾನೆ. ಅಲ್ಲಿ ಅದು ಆತ್ಮಜ್ಞಾನದ ದಾರಿ. ಆದರೆ ಯಾವುದೇ ತತ್ತ್ವವು ಮನುಷ್ಯನ ರಕ್ತಗತವಾಗುವ ಕ್ರಮವೂ ಇದೇ ಎಂದು ನನಗೆ ತೋರುತ್ತದೆ.

ಗಾಂಧಿಯವರಿಗೆ ಗೀತೆಯ ಶ್ರವಣವಾದದ್ದು ತಾಯ್ನಾಡಿನಲ್ಲಿ ಅಲ್ಲ. 1888ರಲ್ಲಿ ಇಂಗ್ಲೆಂಡಿಗೆ ಹೋದ ಅವರನ್ನು, ಅಲ್ಲಿ ನೆಲೆಸಿದ ಎರಡನೆಯ ವರ್ಷದ ಕೊನೆಯ ಸುಮಾರಿಗೆ ಇಬ್ಬರು ಥಿಯಾಸಫಿಸ್ಟ್ ಸಹೋದರರು ತಮ್ಮೊಡನೆ ಗೀತೆಯನ್ನು ಓದಲು ಕರೆದರು. ಅವರ ಕೈಯಲ್ಲಿದ್ದುದು ಎಡ್ವಿನ್ ಆರ್ನಾಲ್ಡ್ ಮಾಡಿದ ಇಂಗ್ಲಿಷ್ ಅನುವಾದ. ತಾವು ಗೀತೆಯನ್ನು ಸಂಸ್ಕೃತದಲ್ಲಿಯಾಗಲಿ ಗುಜರಾತಿಯಲ್ಲಿಯಾಗಲಿ ಓದಿಯೇ ಇಲ್ಲವೆಂದು ಹೇಳಿಕೊಳ್ಳಲು ಆ ತರುಣನಿಗೆ ನಾಚಿಕೆಯಾಯಿತು. ಎರಡನೆಯ ಅಧ್ಯಾಯದ ಕೊನೆಯಲ್ಲಿ, ವಿಷಯಚಿಂತನೆಯಿಂದ ಆಸಕ್ತಿಯೂ ಆಸಕ್ತಿಯಿಂದ ಕಾಮಕ್ರೋಧಗಳೂ ಹುಟ್ಟುವ ಕ್ರಮವನ್ನು ಹೇಳುವ ಶ್ಲೋಕಗಳು ಅವರ ಮನಸ್ಸಿನಲ್ಲಿ ಅಚ್ಚೊತ್ತಿದವು. ಆದರೆ ಜೀವನಕ್ರಮ ಕೂಡಲೆ ಬದಲಾಗಲಿಲ್ಲ. ಶ್ರವಣವು ಬೀಜ ಬಿತ್ತುತ್ತದೆಯೇ ಹೊರತು ಬೆಳೆಯನ್ನು ಕೊಡುವುದಿಲ್ಲ.

ಮನನವು ನಡೆದದ್ದು 1903ರ ಸುಮಾರಿಗೆ, ಜೋಹಾನ್ಸ್‌ಬರ್ಗ್ ನಗರದಲ್ಲಿ. ಬೆಳಗ್ಗೆ ಹಲ್ಲುಜ್ಜಲು 15 ನಿಮಿಷ, ಸ್ನಾನಕ್ಕೆ 20 ನಿಮಿಷ ಹಿಡಿಯುತ್ತಿತ್ತು. ಹಲ್ಲುಜ್ಜುವಾಗ ಕಣ್ಣಿಗೆ ಬೀಳುವಂತೆ ಎದುರಿನ ಗೋಡೆಗೆ ಶ್ಲೋಕಗಳನ್ನು ಬರೆದ ಚೀಟಿಗಳನ್ನು ಅಂಟಿಸಿ, ಹೀಗೆಯೇ 13 ಅಧ್ಯಾಯಗಳನ್ನು ಕಂಠಪಾಠ ಮಾಡಿದರು. ಕಂಠದಲ್ಲಿ ನಿಂತ ಶಬ್ದಗಳು ಬಳಿಕ ಕಾಡತೊಡಗಿದವು. ‘ಅಪರಿಗ್ರಹ’ವೆಂದರೇನು? ಹೆಂಡತಿ ಮಕ್ಕಳು ಪರಿಗ್ರಹವಲ್ಲವೇ? ಕಪಾಟು ತುಂಬ ಇರುವ ಪುಸ್ತಕಗಳು? ‘ಸಮಭಾವ’ವೆಂದರೆ ಅವಮಾನಿಸಿದ ಅಧಿಕಾರಿಯನ್ನೂ ಉಪಕರಿಸಿದ ಮಿತ್ರನನ್ನೂ ಒಂದೇ ರೀತಿ ಕಾಣುವುದೇ? ಈ ತೊಡಕನ್ನು ಬಿಡಿಸಿದ್ದು ಅವರು ವಕೀಲಿಗಾಗಿ ಓದಿದ ಕಾನೂನುಶಾಸ್ತ್ರವೆಂಬುದು ಗಮನಾರ್ಹ. ಟ್ರಸ್ಟಿಯ ಕೈಯಲ್ಲಿ ಅಪಾರವಾದ ಆಸ್ತಿಯಿರಬಹುದು. ಆದರೆ ಅದರಲ್ಲಿ ಒಂದು ಕಾಸನ್ನೂ ಅವನು ತನ್ನದೆಂದು ಭಾವಿಸಲಾರನು. ಅಪರಿಗ್ರಹದ ಅರ್ಥ ಇದೇ ಎಂದು ಅವರಿಗೆ ಹೊಳೆಯಿತು.

ನಿದಿಧ್ಯಾಸನವೆಂದರೆ ಆ ಅರ್ಥದಲ್ಲಿಯೇ ನೆಲೆನಿಲ್ಲುವುದು. ಮುಂಬಯಿಯಲ್ಲಿದ್ದಾಗ ವಿಮೆಯ ಏಜೆಂಟನೊಬ್ಬನ ಮಾತಿಗೆ ಮರುಳಾಗಿ ಅವರು 10,000 ರೂಪಾಯಿಗಳಿಗೆ ಜೀವವಿಮೆ ಮಾಡಿಸಿದ್ದರು. ತನ್ನನ್ನು ಸೃಷ್ಟಿಸಿದವನೇ ಹೆಂಡತಿ ಮಕ್ಕಳನ್ನೂ ನೋಡಿಕೊಳ್ಳುವನೆಂಬ ನಂಬಿಕೆ ಬಲಿತಮೇಲೆ ಕಂತು ಕಟ್ಟುವುದನ್ನು ನಿಲ್ಲಿಸಿ, ಆ ವಿಮೆಯನ್ನು ಕೈಬಿಟ್ಟರು. ತಂದೆಯಂತೆ ಸಾಕಿದ ಅಣ್ಣನಿಗೆ, ಇದುವರೆಗೆ ಉಳಿಸಿದ್ದನ್ನೆಲ್ಲ ತಮಗೆ ಕೊಟ್ಟಿದ್ದೇನೆ, ಇನ್ನು ಮುಂದೆ ಉಳಿಯುವುದು ಸಮಾಜಕ್ಕೆ ಸಲ್ಲುತ್ತದೆ ಎಂದು ಬರೆದರು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಾಗ ಮಿತ್ರ ಪೋಲಕ್ ಅವರು ರಸ್ಕಿನ್ನನ ‘ಅನ್ ಟು ದಿಸ್ ಲಾಸ್ಟ್’ ಗ್ರಂಥವನ್ನು ಕೈಗಿತ್ತರು. ಇಪ್ಪತ್ತನಾಲ್ಕು ಗಂಟೆಗಳ ರೈಲು ಪ್ರಯಾಣ. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಬೆಲೆ ಒಂದೇ ಎಂಬುದು ಆ ಗ್ರಂಥದಿಂದ ಅವರು ಪಡೆದ ಪಾಠಗಳಲ್ಲೊಂದು. ಅದೇ ವರ್ಷ ಡರ್ಬನ್ ಸಮೀಪದಲ್ಲಿ ಫೀನಿಕ್ಸ್ ಆಶ್ರಮದ ಸ್ಥಾಪನೆಯಾಯಿತು. ಪತ್ರಿಕೆಯ ಮುದ್ರಣಾಲಯವೂ ಅಲ್ಲಿಗೆ ಹೋಯಿತು. ಬಣ್ಣ ಯಾವುದಾದರೂ ದೇಶ ಯಾವುದಾದರೂ ದುಡಿಯುವವರಿಗೆಲ್ಲ ತಿಂಗಳಿಗೆ 3 ಪೌಂಡುಗಳ ಒಂದೇ ಜೀವನವೇತನವೆಂಬುದು ಅಲ್ಲಿಯ ಯೋಜನೆ. ಕಂಠಪಾಠವಾಗಿದ್ದ ಸಮಭಾವವು ಹೀಗೆ ಸಂಬಳದ ಲೆಕ್ಕಕ್ಕೂ ಇಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಅಂದವಾಗಿ ಮುಗಿಯುತ್ತದೆ. ಆದರೆ ಸತ್ಯ ಅಪೂರ್ಣವಾಗುತ್ತದೆ. ತತ್ತ್ವವನ್ನು ನಡೆಸುವವನು ಅದರ ಬೆಲೆಯನ್ನು ತಾನೊಬ್ಬನೇ ತೆರುವುದಿಲ್ಲ. 1901ರಲ್ಲಿ ದಕ್ಷಿಣ ಆಫ್ರಿಕವನ್ನು ಬಿಟ್ಟು ಹೊರಟಾಗ ಅಲ್ಲಿಯ ಭಾರತೀಯರು ಚಿನ್ನ, ಬೆಳ್ಳಿ, ವಜ್ರಗಳ ಉಡುಗೊರೆಗಳನ್ನಿತ್ತರು; ಕಸ್ತೂರಬಾ ಅವರಿಗೆಂದು ಕೊಟ್ಟ ಚಿನ್ನದ ಸರವೂ ಅದರಲ್ಲಿತ್ತು. ಎಲ್ಲವನ್ನೂ ಸಮಾಜಕ್ಕಾಗಿ ಟ್ರಸ್ಟಿಗೆ ಒಪ್ಪಿಸಲು ಪತಿ ನಿಶ್ಚಯಿಸಿದರು. ನಾಳೆ ಸೊಸೆಯರು ಬಂದರೆ ಏನು ಮಾಡುವುದೆಂದು ಆಕೆ ಕಣ್ಣೀರಿಟ್ಟು ವಾದಿಸಿದರು. ಕಡೆಗೆ ಹೇಗೋ ಒತ್ತಾಯದಿಂದಲೇ ಆಕೆಯ ಒಪ್ಪಿಗೆ ಪಡೆದೆನೆಂದು ಗಾಂಧಿಯವರೇ ಬರೆದಿದ್ದಾರೆ. ಪತ್ರವನ್ನು ಓದಿದ ಅಣ್ಣನೂ ಮುನಿದು ಮಾತು ಬಿಟ್ಟನು. ಜೀವನದ ಕೊನೆಗಾಲದಲ್ಲಷ್ಟೇ ಆ ಮುನಿಸು ಕರಗಿತು. ಆದುದರಿಂದ ತತ್ತ್ವನಿಷ್ಠೆಯನ್ನು ಹೊಗಳುವಾಗ ಅದರ ಭಾರವನ್ನು ಮೌನವಾಗಿ ಹೊತ್ತ ಮನೆಯವರನ್ನೂ ನಾವು ನೆನೆಯಬೇಕು. ಪರರ ನೋವನ್ನು ಕಾಣದ ದರ್ಶನವು ದರ್ಶನವೆನಿಸಲಾರದು.

ಇನ್ನೊಂದು ಮಾತು. ಗ್ರಂಥವೊಂದೇ ಆದರೂ ಓದುಗರಿಗೆ ಕಾಣುವ ದಾರಿ ಒಂದೇ ಆಗಬೇಕಿಲ್ಲ. ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ‘ಗೀತಾರಹಸ್ಯ’ದಲ್ಲಿ ಕರ್ಮಯೋಗವೇ ಗೀತೆಯ ತಾತ್ಪರ್ಯವೆಂದು ಸಾಧಿಸಿದರು. ಅದನ್ನು ಆಲೂರ ವೆಂಕಟರಾಯರು ಕನ್ನಡಕ್ಕೆ ತಂದರು. ಗಾಂಧಿಯವರು ತಮ್ಮ ಗುಜರಾತಿ ಅನುವಾದಕ್ಕೆ ‘ಅನಾಸಕ್ತಿಯೋಗ’ವೆಂದು ಹೆಸರಿಟ್ಟು, ಅಹಿಂಸೆಯಿಲ್ಲದೆ ಫಲತ್ಯಾಗ ಸಾಧ್ಯವಿಲ್ಲವೆಂದರು. ನಮ್ಮ ಡಿ.ವಿ.ಜಿ.ಯವರಿಗೆ ಅದೇ ಗೀತೆ ‘ಜೀವನಧರ್ಮಯೋಗ’ವಾಗಿ ಕಂಡಿತು, ಆ ಕೃತಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದುದರಿಂದ ಗ್ರಂಥವು ನಮ್ಮ ಬದಲಿಗೆ ವಿಚಾರ ಮಾಡುವುದಿಲ್ಲ. ಮನನದ ಹೊಣೆ ಓದುಗನದೇ. ಆ ಹೊಣೆಯನ್ನು ತಪ್ಪಿಸಿಕೊಂಡವನಲ್ಲಿ ತತ್ತ್ವವು ಬರಿಯ ಕಂಠಪಾಠವಾಗಿ ಉಳಿಯುತ್ತದೆ.

ಆ ಹುಡುಗನ ಪ್ರಶ್ನೆಗೆ ‘ನಡೆದವರುಂಟು’ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಆದರೆ ಅವನು ಕೇಳಿದ್ದು ಅಷ್ಟನ್ನೇ ಅಲ್ಲವೆಂದು ವಯಸ್ಸಾಗುತ್ತ ಬಂದಂತೆ ನನಗೆ ಅನ್ನಿಸುತ್ತಿದೆ. ಎದುರಿಗೆ ನಿಂತು ಪಾಠ ಹೇಳುತ್ತಿದ್ದವನನ್ನೇ ಅವನು ಕೇಳಿದ್ದಿರಬೇಕು. ಮಕ್ಕಳು ನಮ್ಮ ವ್ಯಾಖ್ಯಾನವನ್ನು ಪರೀಕ್ಷೆಯವರೆಗೆ ನೆನಪಿಡುತ್ತಾರೆ. ನಾವು ತಪ್ಪು ಮಾಡಿದಾಗ ಒಪ್ಪಿಕೊಂಡೆವೋ ಇಲ್ಲವೋ, ಬಡವರ ಮಗನನ್ನೂ ಸಾಹುಕಾರರ ಮಗನನ್ನೂ ಒಂದೇ ದನಿಯಲ್ಲಿ ಕರೆದೆವೋ ಇಲ್ಲವೋ ಎಂಬುದನ್ನು ಜೀವನಪರ್ಯಂತ ನೆನಪಿಡುತ್ತಾರೆ.

ದಾನಿಗಳ ಧನ, ಗುರುಗಳ ವಿದ್ಯೆ, ಇಲ್ಲಿ ಓದಿ ಹೋದವರ ಗಳಿಕೆ, ಇವೆಲ್ಲವೂ ನಮ್ಮ ವಶದಲ್ಲಿವೆಯೇ ಹೊರತು ನಮ್ಮವಲ್ಲ. ಈ ನೋಟ ಒಂದು ಗಳಿಗೆಯಾದರೂ ನಮ್ಮಲ್ಲಿ ನಿಂತರೆ ಅಂದಿನ ನಡೆ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಹಾಗೆ ನಿಲ್ಲಿಸಿಕೊಳ್ಳುವ ಶಕ್ತಿ ನಮ್ಮೆಲ್ಲರಿಗೂ ಒದಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.