ಕರೆಂಟ್ ಹೋದರೂ ಗಡಿಯಾರ ನಿಲ್ಲದಿರಲಿ: ಅಕ್ವೇರಿಯಂ ಬೆಳಕಿಗೆ ಎಂಥ ಟೈಮರ್?

ಸಕಲೇಶಪುರ: ಜೂನ್‌ನಲ್ಲಿ ಮುಂಗಾರು ಬಿರುಸಾಯಿತೆಂದರೆ ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ವಿದ್ಯುತ್ತಿನ ಕಣ್ಣಾಮುಚ್ಚಾಲೆಯೂ ಆರಂಭವಾಗುತ್ತದೆ. ಕಾಫಿ ತೋಟಗಳ ನಡುವೆ ಹಾದುಹೋಗುವ ತಂತಿಯ ಮೇಲೆ ಮರದ ಕೊಂಬೆ ಮುರಿದು ಬಿದ್ದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕತ್ತಲೆ. ದೀಪ, ಫ್ಯಾನುಗಳಿಗೆ ಇನ್ವರ್ಟರ್ ಆಸರೆಯಾಗುತ್ತದೆ. ಆದರೆ ಮನೆಯ ಅಕ್ವೇರಿಯಂ ದೀಪಕ್ಕೆ ಅಳವಡಿಸಿದ ಟೈಮರ್ ಈ ಅವಧಿಯಲ್ಲಿ ಸದ್ದಿಲ್ಲದೆ ದಾರಿ ತಪ್ಪುತ್ತದೆ. ಕರೆಂಟ್ ಮರಳಿದ ಮೇಲೂ ಅದು ತಾನಾಗಿ ಸರಿಹೋಗುವುದಿಲ್ಲ.

ಆದ್ದರಿಂದ ಟೈಮರ್ ಕೊಳ್ಳುವಾಗ ಬೆಲೆ, ಬ್ರಾಂಡ್‌ಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ವಿದ್ಯುತ್ ಇಲ್ಲದಾಗ ಇದರ ಗಡಿಯಾರ ನಡೆಯುತ್ತದೆಯೇ?

ಟೈಮರ್ ಏಕೆ ಬೇಕು?

ಮೀನುಗಳಿಗೆ ರೆಪ್ಪೆಗಳಿಲ್ಲ. ಕತ್ತಲೆಯೇ ಅವುಗಳ ವಿಶ್ರಾಂತಿಯ ಸಮಯ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಭಾಗದಲ್ಲಿ ಹಗಲಿನ ಅವಧಿ ಡಿಸೆಂಬರ್‌ನಲ್ಲಿ 11 ಗಂಟೆ 20 ನಿಮಿಷದಷ್ಟು. ಜೂನ್‌ನಲ್ಲಿ 13 ಗಂಟೆಗೆ ಸಮೀಪ. ತೊಟ್ಟಿಗೆ ಅಷ್ಟು ಬೆಳಕು ಬೇಕಿಲ್ಲ. ಸಾಧಾರಣ ಸಸ್ಯಗಳಿರುವ ತೊಟ್ಟಿಗೆ ದಿನಕ್ಕೆ 6ರಿಂದ 8 ಗಂಟೆ ಸಾಕು. ಅದಕ್ಕಿಂತ ಹೆಚ್ಚಾದಲ್ಲಿ ಗಾಜಿಗೂ ಎಲೆಗಳಿಗೂ ಪಾಚಿ ಹತ್ತುತ್ತದೆ. ಕೈಯಿಂದಲೇ ಸ್ವಿಚ್ ಒತ್ತುವ ಮನೆಗಳಲ್ಲಿ ಒಂದು ದಿನ 5 ಗಂಟೆ, ಮತ್ತೊಂದು ದಿನ 14 ಗಂಟೆ ಬೆಳಕು ಬೀಳುವುದು ಸಾಮಾನ್ಯ. ಈ ಏರುಪೇರನ್ನು ತಪ್ಪಿಸುವುದೇ ಟೈಮರ್‌ನ ಕೆಲಸ.

ಯಾಂತ್ರಿಕ ಟೈಮರ್: ಅಗ್ಗ, ಆದರೆ...

ಸುತ್ತಲೂ ಸಣ್ಣ ಹಲ್ಲುಗಳಿರುವ, 24 ಗಂಟೆಗೆ ಒಂದು ಸುತ್ತು ತಿರುಗುವ ಚಕ್ರದ ಟೈಮರ್ ಅತ್ಯಂತ ಸರಳ. ಒಂದೊಂದು ಹಲ್ಲು ಸಾಮಾನ್ಯವಾಗಿ 15 ನಿಮಿಷಕ್ಕೆ ಸಮ. ಅದರೊಳಗಿನ ಪುಟ್ಟ ಮೋಟಾರು 50 ಹರ್ಟ್ಸ್‌ನ ವಿದ್ಯುತ್ತಿನಿಂದಲೇ ಓಡುತ್ತದೆ. ಕರೆಂಟ್ ಹೋದರೆ ಚಕ್ರ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಉದಾಹರಣೆಗೆ, ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ದೀಪ ಉರಿಯುವಂತೆ ಹೊಂದಿಸಿ, ನಾಲ್ಕು ದಿನ ತಲಾ 2 ಗಂಟೆ ವಿದ್ಯುತ್ ಕಡಿತವಾಯಿತೆನ್ನೋಣ. ಗಡಿಯಾರ ಒಟ್ಟು 8 ಗಂಟೆ ಹಿಂದೆ ಬೀಳುತ್ತದೆ. ಐದನೆಯ ದಿನ ದೀಪ ಸಂಜೆ 6ಕ್ಕೆ ಹೊತ್ತಿ ರಾತ್ರಿ 2ಕ್ಕೆ ಆರುತ್ತದೆ. ಹಗಲಿಡೀ ಕಿಟಕಿಯ ಬೆಳಕು, ಮಧ್ಯರಾತ್ರಿಯವರೆಗೆ ದೀಪದ ಬೆಳಕು ಎಂದಾದರೆ ಪಾಚಿ ಬೆಳೆಯಲು ಬೇರೆ ಕಾರಣ ಬೇಕಿಲ್ಲ.

ಇನ್ವರ್ಟರ್ ಸಂಪರ್ಕವಿರುವ ಸಾಕೆಟ್‌ಗೆ ಹಾಕಿದರೆ ಈ ದೋಷ ತಕ್ಕಮಟ್ಟಿಗೆ ನೀಗುತ್ತದೆ. ಆದರೆ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಮೋಟಾರು ಸದ್ದು ಮಾಡಿ ಬಿಸಿಯಾಗುವ ಸಾಧ್ಯತೆ ಇರುತ್ತದೆ.

ಡಿಜಿಟಲ್ ಟೈಮರ್: ಬ್ಯಾಟರಿಯೇ ಜೀವಾಳ

ಡಿಜಿಟಲ್ ಟೈಮರ್ ಕ್ವಾರ್ಟ್ಸ್ ಗಡಿಯಾರದಿಂದ ನಡೆಯುತ್ತದೆ. ಒಳಗಿನ ಪುಟ್ಟ ಬ್ಯಾಟರಿ ವಿದ್ಯುತ್ ಇಲ್ಲದಾಗಲೂ ಸಮಯವನ್ನು ಕಾಯ್ದುಕೊಳ್ಳುತ್ತದೆ. ಮಲೆನಾಡು, ಅರೆಮಲೆನಾಡಿನ ಮನೆಗಳಿಗೆ ಇದೇ ಹೆಚ್ಚು ಸೂಕ್ತ. ಹೊಸದನ್ನು ತಂದ ಕೂಡಲೇ ಕೆಲವು ಗಂಟೆ ಪ್ಲಗ್‌ನಲ್ಲಿಟ್ಟು ಬ್ಯಾಟರಿ ತುಂಬಿಸಬೇಕು. ವರ್ಷಗಳು ಕಳೆದಂತೆ ಬ್ಯಾಟರಿ ಸೊರಗುವುದರಿಂದ ಪ್ರತಿ ಮಳೆಗಾಲಕ್ಕೆ ಮುನ್ನ ಪರೀಕ್ಷಿಸುವುದು ಒಳಿತು. ಅಂಗಡಿಗಳ ನಾಮಫಲಕದ ದೀಪಗಳಿಗೆ ಸ್ವಿಚ್ ಬೋರ್ಡಿನೊಳಗೆ ಅಳವಡಿಸುವ ಟೈಮ್ ಸ್ವಿಚ್‌ಗಳು ಇನ್ನೂ ದೀರ್ಘಕಾಲ ಸಮಯ ಕಾಯುತ್ತವೆ. ಆದರೆ ಅವುಗಳನ್ನು ಅಳವಡಿಸಲು ಎಲೆಕ್ಟ್ರಿಷಿಯನ್ ಬೇಕು.

ಸ್ಮಾರ್ಟ್ ಪ್ಲಗ್‌ನ ತೊಡಕು

ಮೊಬೈಲ್‌ನಿಂದ ನಿಯಂತ್ರಿಸುವ ಸ್ಮಾರ್ಟ್ ಪ್ಲಗ್‌ಗಳ ಪೈಕಿ ಹೆಚ್ಚಿನವು ಕರೆಂಟ್ ಮರಳಿದಾಗ ಸರಿಯಾದ ಸಮಯವನ್ನು ಇಂಟರ್‌ನೆಟ್‌ನಿಂದಲೇ ಪಡೆಯುತ್ತವೆ. ಸಂಪರ್ಕ ಕಡಿದುಹೋಗಿದ್ದರೆ ವೇಳಾಪಟ್ಟಿ ಕೆಲಸ ಮಾಡದಿರಬಹುದು. ಮತ್ತೊಂದು ಸೂಕ್ಷ್ಮವೂ ಇದೆ. ದೀಪ ಉರಿಯುತ್ತಿದ್ದಾಗ ಕರೆಂಟ್ ಹೋಗಿ, ಆರಬೇಕಾದ ಸಮಯ ಕಳೆದ ಮೇಲೆ ಬಂದರೆ, ‘ಹಿಂದಿನ ಸ್ಥಿತಿ’ಗೆ ಮರಳುವಂತೆ ಹೊಂದಿಸಿದ ಪ್ಲಗ್ ರಾತ್ರಿಯಿಡೀ ದೀಪ ಉರಿಸುತ್ತದೆ. ‘ಆಫ್’ ಸ್ಥಿತಿಗೆ ಮರಳುವಂತೆ ಹೊಂದಿಸುವುದು ಕ್ಷೇಮ. ಆಗ ಹಗಲಿನಲ್ಲಿ ಕರೆಂಟ್ ಹೋಗಿಬಂದರೆ ಆ ದಿನದ ಉಳಿದ ಬೆಳಕು ತಪ್ಪಬಹುದು, ಅದರಿಂದ ಹಾನಿಯಿಲ್ಲ.

ಆಂಪಿಯರ್ ಲೆಕ್ಕ

ಟೈಮರ್ ಮೇಲೆ 16 ಆಂಪಿಯರ್ ಎಂದು ಬರೆದಿದ್ದರೂ ಆ ಅಂಕಿ ಹೀಟರ್‌ನಂಥ ಸರಳ ಹೊರೆಗೆ ಅನ್ವಯಿಸುವಂಥದು. ಎಲ್‌ಇಡಿ ದೀಪದ ಡ್ರೈವರ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ವಿದ್ಯುತ್ ಸೆಳೆಯುತ್ತದೆ. ಇದರಿಂದ ರಿಲೇ ಸಂಪರ್ಕಗಳು ಕ್ರಮೇಣ ಸುಟ್ಟು ಅಂಟಿಕೊಂಡರೆ ದೀಪ ಆರುವುದೇ ಇಲ್ಲ. ಎಲ್‌ಇಡಿ ಹೊರೆಗೆ ಪ್ರತ್ಯೇಕ ಮಿತಿ ನಮೂದಿಸಿರುವ ಟೈಮರ್ ಇದ್ದರೆ ಅದಕ್ಕೇ ಆದ್ಯತೆ ನೀಡಬೇಕು. ಸಸ್ಯಗಳಿಗಾಗಿ ಇಂಗಾಲದ ಡೈಆಕ್ಸೈಡ್ ಹಾಯಿಸುವವರು ಈ ವಿಷಯದಲ್ಲಿ ಇನ್ನೂ ಎಚ್ಚರ ವಹಿಸಬೇಕು. ಅದರ ಕವಾಟ ರಾತ್ರಿಯಿಡೀ ತೆರೆದೇ ಉಳಿದರೆ ಬೆಳಗಾಗುವಷ್ಟರಲ್ಲಿ ಮೀನುಗಳು ಸಾಯಬಹುದು.

ದೀಪಕ್ಕೆ ಮಾತ್ರ

ಏರ್ ಪಂಪ್, ಫಿಲ್ಟರ್ ಮತ್ತು ಹೀಟರ್‌ಗಳನ್ನು ದೀಪದ ಟೈಮರ್‌ಗೆ ಜೋಡಿಸಕೂಡದು. ಕತ್ತಲಲ್ಲಿ ಸಸ್ಯಗಳೂ ಆಮ್ಲಜನಕವನ್ನೇ ಬಳಸುವುದರಿಂದ ಗಾಳಿಯ ಅಗತ್ಯ ರಾತ್ರಿಯಲ್ಲೇ ಹೆಚ್ಚು. ಮಳೆಗಾಲದ ಚಳಿಯಲ್ಲಿ ಹೀಟರ್ ತನ್ನದೇ ಥರ್ಮೋಸ್ಟಾಟ್‌ನ ಅಂಕೆಯಲ್ಲಿರಬೇಕು. ಇನ್ವರ್ಟರ್‌ನ ಶಕ್ತಿ ಸೀಮಿತವಾಗಿದ್ದರೆ ಅದು ದೀಪಕ್ಕಿಂತ ಮೊದಲು ಏರ್ ಪಂಪ್‌ಗೆ ಸಲ್ಲಬೇಕು. ಎರಡು ದಿನ ದೀಪವಿಲ್ಲದಿದ್ದರೆ ಮೀನಿಗೆ ತೊಂದರೆಯಿಲ್ಲ, ಆದರೆ ಗಾಳಿಯಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಅಪಾಯ.

ಟೈಮರನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ, ಒಣ ಗೋಡೆಯ ಮೇಲಿಡಬೇಕು. ವೈರನ್ನು ಸಾಕೆಟ್‌ಗಿಂತ ಕೆಳಕ್ಕೆ ಇಳಿಬಿಟ್ಟು ಮೇಲೇರಿಸಿದರೆ ಜಾರುವ ಹನಿಗಳು ಪ್ಲಗ್ ತಲುಪದೆ ಕೆಳಗೇ ಉದುರುತ್ತವೆ. ಮನೆಯ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರುವುದು ಅವಶ್ಯ.

ಕೊಂಡ ಮೇಲೆ ಪರೀಕ್ಷೆ

ಟೈಮರನ್ನು ಒಂದು ದಿನ ಪ್ಲಗ್‌ನಲ್ಲಿಟ್ಟು, ಮೊಬೈಲ್ ಗಡಿಯಾರಕ್ಕೆ ಸರಿಹೊಂದಿಸಿ, ಬಳಿಕ ಒಂದು ರಾತ್ರಿ ಕಳಚಿಡಬೇಕು. ಬೆಳಿಗ್ಗೆ ಸಮಯವೂ ವೇಳಾಪಟ್ಟಿಯೂ ಹಾಗೆಯೇ ಇದ್ದಲ್ಲಿ ಮಳೆಗಾಲಕ್ಕೆ ಅದನ್ನು ನಂಬಬಹುದು. ಇಲ್ಲದಿದ್ದರೆ ಬಿಲ್ ಕೈಯಲ್ಲಿರುವಾಗಲೇ ಅಂಗಡಿಗೆ ಮರಳಿಸುವುದು ಲೇಸು.